ಒಂದೇ ಹೆಸರು, ಎರಡು ಫೈಲು

ಬಿಡದಿ ಕೈಗಾರಿಕಾ ಪ್ರದೇಶ ಎಂದರೆ ನೆನಪಾಗುವುದು ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ, ಮೈಸೂರು ರಸ್ತೆಯ ಟ್ರಾಫಿಕ್ಕು, ಹಸಿದವರಿಗೆ ತಟ್ಟೆ ಇಡ್ಲಿ. ಶಬ್ದವೆಂದರೆ ಏನು ಎಂಬ ಶಾಸ್ತ್ರಕಾರರ ಜಗಳ ಯಾರಿಗೂ ನೆನಪಾಗದು. ಆದರೆ ಈ ಜಾಗದ ಹೆಸರನ್ನೇ ಒಂದು ಫೈಲಿಗೆ ಇಟ್ಟು, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕಾದ ತಂತ್ರಾಂಶವನ್ನು ಪರೀಕ್ಷೆಗೆ ಕೂರಿಸಿದರೆ ಆ ಜಗಳ ತಾನಾಗಿಯೇ ಏಳುತ್ತದೆ.

‘ಬಿಡದಿ’ಯದು ತಕರಾರಿಲ್ಲ. ತಕರಾರು ‘ಕೈ’ ಮತ್ತು ‘ದೇ’ಗಳದು. ‘ದೇ’ಯ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ ಬೇರೆ, ದೀರ್ಘ ಬೇರೆ ಎಂದು ಬಿಡಿಸಿಯೂ ಬರೆಯಬಹುದು. ‘ಕೈ’ಯ ಐತ್ವವೂ ಹಾಗೆಯೇ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯುಟಿಎಫ್-8ರಲ್ಲಿ ಎಣಿಸಿದರೆ ಮಾತ್ರ ಕೂಡಿಸಿ ಬರೆದ ಹೆಸರು 59 ಬೈಟು, ಬಿಡಿಸಿ ಬರೆದದ್ದು 65. ಲಿನಕ್ಸ್ ಸಾಮಾನ್ಯವಾಗಿ ನೋಡುವುದು ಬೈಟುಗಳನ್ನಷ್ಟೇ, ಹಾಗಾಗಿ ಒಂದೇ ಫೋಲ್ಡರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುತ್ತದೆ. ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಕೂಡ ಎರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಆಪಲ್ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟಂತೆಯೇ ಇಟ್ಟುಕೊಂಡರೂ ಎರಡೂ ಒಂದೇ ಎನ್ನುತ್ತದೆ. ಲಿನಕ್ಸಿನ ಆ ಫೋಲ್ಡರನ್ನು ಮ್ಯಾಕಿಗೆ ಕಾಪಿ ಮಾಡಿದರೆ ಒಂದು ಫೈಲು ಸದ್ದಿಲ್ಲದೆ ಇನ್ನೊಂದನ್ನು ಅಳಿಸಿ ಕೂರಬಹುದು.

ಯಾರು ಸರಿ?

ವೈಯಾಕರಣ ಭರ್ತೃಹರಿಯ ಪ್ರಕಾರ ಶಬ್ದ ಅಖಂಡವಾದ ಸ್ಫೋಟ. ವರ್ಣಗಳು ಅದನ್ನು ತೋರಿಸಿಕೊಡುತ್ತವೆ, ಅಷ್ಟೇ. ಮ್ಯಾಕಿನದು ಹೆಚ್ಚುಕಡಿಮೆ ಇದೇ ಪಕ್ಷ. ಮೀಮಾಂಸಕ ಕುಮಾರಿಲ ಭಟ್ಟ ಇದನ್ನು ಒಪ್ಪಲಿಲ್ಲ: ವರ್ಣಗಳಾಚೆ ಶಬ್ದವೆಂಬ ಇನ್ನೊಂದು ವಸ್ತು ಯಾಕೆ? ಲಿನಕ್ಸ್ ಕೂಡ ಇಂಥ ಕಟ್ಟಾ ವರ್ಣವಾದಿ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ದೇವತಾಧಿಕರಣದಲ್ಲಿ ಪೂರ್ವಾಚಾರ್ಯ ಉಪವರ್ಷನ ವರ್ಣಪಕ್ಷವನ್ನೇ ಹಿಡಿದರು. ಆದರೆ ಒಂದು ಸೂಕ್ಷ್ಮ ಸೇರಿಸಿದರು: ಒಂದರ ಹಿಂದೊಂದು ಹೋಗುವ ಇರುವೆಗಳು ‘ಸಾಲು’ ಎಂದು ಕಾಣುವಂತೆ, ವರ್ಣಗಳು ಒಂದು ಪದವಾಗುವುದು ಗ್ರಹಿಸುವವನ ಬುದ್ಧಿಯಲ್ಲಿ.

ಟೆಸ್ಟಿಂಗ್‌ನವರಿಗೆ ಇದಕ್ಕಿಂತ ಉಪಯುಕ್ತ ಮಾತು ಸಿಗುವುದು ಕಷ್ಟ. ಬಳಕೆದಾರ ಇಟ್ಟ ಬೈಟುಗಳನ್ನು ಮುಟ್ಟಬಾರದು. ಹೋಲಿಸುವಾಗ ಮಾತ್ರ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಎಲ್ಲ ಫೈಲಿಗೂ ಇಂಗ್ಲಿಷಿನಲ್ಲೇ ಹೆಸರಿಡಿ ಎನ್ನುವ ಸಲಹೆ ಪರಿಹಾರವಲ್ಲ, ಸೋಮಾರಿತನ.

ನಾರ್ಮಲೈಸೇಶನ್ನಿಗೂ ಬಗ್ಗದ್ದು ‘ಕಾರ್ಖಾನೆ’. ಅರ್ಕಾವೊತ್ತು ಬೇಡವೆಂದು ‘ಕಾರ್‍ಖಾನೆ’ ಎಂದು ಬರೆಯುವವರ ಫೈಲಿನಲ್ಲಿ ಕಾಣದ ಸಂಕೇತವೊಂದು ಅಡಗಿರುತ್ತದೆ. ನಾರ್ಮಲೈಸೇಶನ್ ಅದನ್ನು ತೆಗೆಯುವುದಿಲ್ಲ. ಇಲ್ಲಿ ಕಣ್ಣಿಗೆ ಎರಡು, ಓದಿಗೆ ಒಂದು. ಇವೆರಡನ್ನೂ ಒಂದೆನ್ನಬೇಕೆ ಎಂದು ಪರೀಕ್ಷೆಯ ಪಟ್ಟಿಯಲ್ಲಿ ಬರೆಯಬೇಕಾದವರು ಕನ್ನಡ ಓದಬಲ್ಲವರೇ.