ಅತಿಶುದ್ಧಿ ಮತ್ತು ಅಹಿಂಸೆ
ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಯುಕ್ತವೇ ಎಂಬುದು ಬೇರೆಯೇ ಪ್ರಶ್ನೆ. ಸಾಕಿದ ಮೇಲೆ ಆ ಜೀವಗಳ ಹೊಣೆ ನಮ್ಮದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಯಾವ ಮನೆಯಲ್ಲೇ ಆಗಲಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದ ಎರಡು ಮೂರು ದಿನಗಳಲ್ಲಿ ನೀರು ಹಾಲಿನಂತೆ ಮಸುಕಾದರೆ, ಬಹುಪಾಲು ನಮ್ಮ ಅತಿಶುದ್ಧಿಯೇ ಕಾರಣ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲಿ ನೆಲೆಸಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಅಳಿಸುತ್ತದೆ. ಆಗ ಬೇರೆ ಜೀವಾಣುಗಳು ಮಿತಿಮೀರಿ ಬೆಳೆದು ನೀರಿನ ಪ್ರಾಣವಾಯು ಕುಗ್ಗುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಇದು ಮೀನುಗಳಿಗೆ ಪ್ರಾಣಾಂತಿಕವಾದೀತು.

ನಮ್ಮ ಹಿರಿಯರು ನೀರು ಸೋಸಿದ ಬಟ್ಟೆಯನ್ನು ಸೋಸಿದ ನೀರಿನಿಂದಲೇ ತೊಳೆದು, ಅದನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಜೀವಕ್ಕೆ ತನ್ನ ನೀರೇ ಆಶ್ರಯವೆಂಬ ಅರಿವು ಅದು. ಇಲ್ಲಿಯೂ ಅದೇ ನ್ಯಾಯ: ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಸ್ಪಂಜನ್ನು ಅದ್ದಿ ಹಗುರವಾಗಿ ಹಿಂಡಬೇಕು. ನೀರು ಮಸುಕಾದಾಗ ಆಹಾರ ತಗ್ಗಿಸಿ, ಗಾಳಿಯಾಡಿಸಿ, ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕ್ಲೋರಿನ್ ನೀಗಿಸಿದ ನೀರಿನಿಂದ ಬದಲಿಸಿ ಕಾಯಬೇಕು.

ಗೃಹಸ್ಥನಿಂದ ಪೂರ್ಣ ಅಹಿಂಸೆ ಆಗದು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಗುರುತಿಸಿದೆ. ಉದ್ದೇಶ ಒಳ್ಳೆಯದೆಂಬ ಮಾತು ಎಚ್ಚರಕ್ಕೆ ಬದಲಾಗಲಾರದು.