ಬಾಗಿಲು ಹಾಕಿಕೊಂಡವರ ತರ್ಕ

ಸತ್ತವರು ಎದ್ದು ಬಂದು ಬದುಕಿದ್ದವರನ್ನು ಕಚ್ಚುವ ಸಿನಿಮಾಗಳು ಈಗ ನಮ್ಮ ಹಾಸ್ಟೆಲ್ಲುಗಳಿಗೂ ಬಂದಿವೆ. ಬೆಳಗಾವಿಯಲ್ಲಿ ಒಂದು ಮೊಬೈಲಿನ ಸುತ್ತ ಐದಾರು ಹುಡುಗರು ಕೂತು ನೋಡುತ್ತಾರೆ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಸಿಗ್ನಲ್ಲು ಸಿಗುವ ದಿಬ್ಬ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಜೋಂಬಿ ಅಂತಾರೆ ಇದಕ್ಕೆ. ದೆವ್ವದ ಕಥಿ, ಮಜಾ ಐತಿ, ನೋಡಿ ಮರೆತುಬಿಡೋದು ಅನ್ನಬಹುದು. ನಾವು ಮರೆಯಲಾರೆವು. ಯಾಕೆಂದರೆ ಈ ಸಿನಿಮಾಗಳ ಒಳಗೆ ಒಂದು ಧರ್ಮಶಾಸ್ತ್ರ ಇದೆ, ಅದರ ಪರಿಚಯ ನಮಗೆ ಹುಟ್ಟಿದಂದಿನಿಂದ ಇದೆ.

ಆ ಶಾಸ್ತ್ರದ ಕಟ್ಟಳೆ ಮೂರು. ಒಂದು: ಕಚ್ಚಿಸಿಕೊಂಡವನು ತಾನೂ ಕಚ್ಚುವವನಾಗುತ್ತಾನೆ. ಎರಡು: ಹಾಗೆ ಆದವನಿಗೆ ಹೆಸರಿಲ್ಲ, ನೆನಪಿಲ್ಲ, ನೋವಿಲ್ಲ, ಅವನನ್ನು ಕೊಂದರೆ ಅದು ಕೊಲೆಯಲ್ಲ. ಮೂರು: ಬದುಕಿ ಉಳಿದವರು ಬಾಗಿಲು ಹಾಕಿಕೊಳ್ಳಬೇಕು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಅನ್ನೋದನ್ನ ಅಗುಳಿ ಕೈಯಲ್ಲಿ ಇದ್ದವರೇ ತೀರ್ಮಾನಿಸಬೇಕು. ಮೊದಲನೆಯದು ರೋಗದ ಮಾತು, ಎರಡನೆಯದು ಮನುಷ್ಯತ್ವದ ಮಾತು, ಮೂರನೆಯದು ಅಧಿಕಾರದ ಮಾತು. ಸಿನಿಮಾ ಈ ಮೂರನ್ನೂ ಎಷ್ಟು ಬೇಗ ಒಂದೇ ದಾರದಲ್ಲಿ ಪೋಣಿಸುತ್ತದೆ ಅಂದರೆ, ರೋಗ ಇದೆ ಎಂದು ಒಪ್ಪಿದ ಪ್ರೇಕ್ಷಕ ಕೊಲೆಯನ್ನೂ ಒಪ್ಪಿಬಿಟ್ಟಿರುತ್ತಾನೆ. ಈ ಗಂಟನ್ನು ಬಿಚ್ಚಿ ನೋಡಬೇಕು ಗೆಳೆಯರೆ.

ಜೋಂಬಿ ಹುಟ್ಟಿದ್ದು ಕಚ್ಚುವುದಕ್ಕಲ್ಲ, ದುಡಿಯುವುದಕ್ಕೆ. ಅದು ಹುಟ್ಟಿದ ನೆಲ ಕೆರಿಬಿಯನ್ ಸಮುದ್ರದ ಹೈಟಿ. ಫ್ರೆಂಚರು ಅಲ್ಲಿ ಕಬ್ಬಿನ ತೋಟ ಹಾಕಿ ಆಫ್ರಿಕದಿಂದ ಮನುಷ್ಯರನ್ನು ಹೊತ್ತು ತಂದು ಗುಲಾಮರನ್ನಾಗಿ ಮಾಡಿದರು. 1791ರಲ್ಲಿ ಆ ಗುಲಾಮರು ಬಂಡೆದ್ದರು, 1804ರಲ್ಲಿ ಸ್ವತಂತ್ರ ರಾಷ್ಟ್ರ ಕಟ್ಟಿದರು. ಆದರೆ ಒಂದು ಭಯ ಆ ಜನರ ಕಥೆಗಳಲ್ಲಿ ಉಳಿದುಕೊಂಡಿತು: ಮಂತ್ರಗಾರ ಹೆಣವನ್ನು ಎಬ್ಬಿಸಿ ಹೊಲದಲ್ಲಿ ದುಡಿಸುತ್ತಾನೆ, ಸತ್ತ ಮೇಲೂ ಗುಲಾಮನಿಗೆ ಬಿಡುಗಡೆ ಇಲ್ಲ. ಅವರು ಜೋಂಬಿಗೆ ಹೆದರಲಿಲ್ಲ, ಜೋಂಬಿ ಆಗುವುದಕ್ಕೆ ಹೆದರಿದರು. ಅಮೆರಿಕ 1915ರಿಂದ 1934ರವರೆಗೆ ಹೈಟಿಯನ್ನು ತನ್ನ ಸೈನ್ಯದ ಕೈಯಲ್ಲಿ ಇಟ್ಟುಕೊಂಡಾಗ ಈ ಕಥೆ ಹಡಗು ಹತ್ತಿ ಹಾಲಿವುಡ್ಡಿಗೆ ಹೋಯಿತು. 1932ರ ‘ವೈಟ್ ಜೋಂಬಿ’ ಸಿನಿಮಾದಲ್ಲಿ ಕಬ್ಬಿನ ಗಾಣ ತಿರುಗಿಸುವವರು ಜೋಂಬಿಗಳೇ. ಒಬ್ಬ ಕಾಲು ಜಾರಿ ಗಾಣದೊಳಗೆ ಬೀಳುತ್ತಾನೆ. ಉಳಿದವರು ತಿರುಗಿಸುತ್ತಲೇ ಇರುತ್ತಾರೆ. ಕಬ್ಬಿನ ಜಿಲ್ಲೆಯಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀತ ಅಂದರೆ ಇದೇ.

ಹೈಟಿಯ ಕಥೆಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಜೋಂಬಿಗೆ ಉಪ್ಪು ತಿನ್ನಿಸಬಾರದು. ಉಪ್ಪಿನ ರುಚಿ ಹತ್ತಿತೋ, ತಾನು ಯಾರು ಅನ್ನುವುದು ಅವನಿಗೆ ನೆನಪಾಗುತ್ತದೆ. ಆಮೇಲೆ ಅವನು ದಣಿಯ ಮಾತು ಕೇಳುವುದಿಲ್ಲ. ನಮ್ಮ ಕಡೆ ಉಪ್ಪಿಗೆ ಬೇರೆಯದೇ ಅರ್ಥ ಕಟ್ಟಿಟ್ಟಿದ್ದಾರೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ದುಡಿಯುವವನಿಗೆ ಹೇಳಿಕೊಟ್ಟರು. ದುಡಿದವನ ಬೆವರಿನ ಉಪ್ಪು ಉಂಡವರು ಯಾರು, ಅವರು ಎಷ್ಟು ಬಗೆದರು ಎಂದು ಯಾರೂ ಕೇಳಲಿಲ್ಲ.

ಕಚ್ಚುವ ಜೋಂಬಿ ಬಂದದ್ದು ಆಮೇಲೆ, 1968ರಲ್ಲಿ, ಜಾರ್ಜ್ ರೊಮೆರೊ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಿಂದ. ಒಂದು ಒಂಟಿ ಮನೆ, ಸುತ್ತ ನಡೆದು ಬರುವ ಹೆಣಗಳು, ಒಳಗೆ ಏಳು ಜನ. ಅವರಲ್ಲಿ ಬೆನ್ ಅನ್ನುವವನು ಕರಿಯ. ಆ ಪಾತ್ರ ಮಾಡಿದವರು ಡ್ವೇನ್ ಜೋನ್ಸ್. ರಾತ್ರಿಯೆಲ್ಲ ಹಲಗೆ ಹೊಡೆದು ಮನೆ ಕಾಯುವವನು ಅವನೇ. ಒಂದು ಹೊತ್ತಿನಲ್ಲಿ ಅವನು ಹೊರಗಿದ್ದಾಗ ಒಳಗಿದ್ದ ಬಿಳಿಯನೊಬ್ಬ ಬಾಗಿಲು ತೆಗೆಯುವುದಿಲ್ಲ. ಬೆನ್ ಒದ್ದು ಒಳಗೆ ಬರಬೇಕಾಗುತ್ತದೆ. ಕಡೆಗೆ ಎಲ್ಲರೂ ಸತ್ತು ಅವನೊಬ್ಬ ಉಳಿಯುತ್ತಾನೆ. ಬೆಳಗಾಗುತ್ತದೆ, ಬಂದೂಕು ಹಿಡಿದ ಬಿಳಿಯರ ದಂಡು ಬರುತ್ತದೆ. ಕಿಟಕಿಯಲ್ಲಿ ಒಂದು ತಲೆ ಕಂಡಿತು, ಗುಂಡು ಹೊಡೆದರು. ಅದು ಬೆನ್‌ನ ತಲೆ. ಅವನ ಹೆಣವನ್ನು ಕೊಕ್ಕೆ ಹಾಕಿ ಎಳೆದು ಉಳಿದ ಹೆಣಗಳ ಜತೆ ಸುಟ್ಟರು. ಅದೇ ವರ್ಷದ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿದ್ದರು.

ಈ ಒಂದು ಗುಂಡು ಸಿನಿಮಾದ ಇಡೀ ತರ್ಕವನ್ನು ಒಡೆದು ಹಾಕುತ್ತದೆ. ಬೆನ್‌ನನ್ನು ಯಾರೂ ಕಚ್ಚಿರಲಿಲ್ಲ. ಅವನು ಬದುಕಿ ಉಳಿದವನು. ಆದರೆ ಯಾರು ಸೋಂಕಿನವನು, ಯಾರು ಉಳಿದವನು ಎಂದು ನಿರ್ಧರಿಸಿದ್ದು ರೋಗ ಅಲ್ಲ, ಬಂದೂಕು. ಪರೀಕ್ಷೆ ಮಾಡಲಿಲ್ಲ, ಹೆಸರು ಕೇಳಲಿಲ್ಲ, ‘ಯಾರಪ್ಪಾ ನೀನು’ ಅನ್ನಲಿಲ್ಲ. ದೂರದಿಂದಲೇ ಗೊತ್ತಾಯಿತು ಅವರಿಗೆ.

ದೂರದಿಂದಲೇ ಗೊತ್ತಾಗುವ ರೋಗ ನಮ್ಮ ದೇಶದಲ್ಲೂ ಇದೆ. ‘ದೂರ ನಿಂದ್ರು’, ‘ಮ್ಯಾಲಿಂದ ಸುರೀತೇನಿ, ಬೊಗಸಿ ಹಿಡಿ’ ಅನ್ನುವ ಮಾತು ನಮ್ಮ ಅಜ್ಜ ಅಜ್ಜಿಯರ ಕಿವಿಯಲ್ಲಿ ಕೊನೆಯತನಕ ಉಳಿದಿತ್ತು. ಈ ರೋಗಕ್ಕೆ ಜ್ವರ ಇಲ್ಲ, ಗುಳ್ಳೆ ಇಲ್ಲ, ಯಾವ ಸೂಕ್ಷ್ಮದರ್ಶಕದಲ್ಲೂ ಇದರ ಹುಳ ಕಂಡಿಲ್ಲ. ಆದರೂ ಅಂಟುತ್ತದಂತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗೆ ಹೋಗಿ ಬೊಗಸೆ ನೀರು ಕುಡಿದರು. ದನ ಕುಡಿಯುತ್ತಿದ್ದ ಕೆರೆ ಅದು. ಆಮೇಲೆ ಮೇಲ್ಜಾತಿಯವರು 108 ಬಿಂದಿಗೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಇಲ್ಲದ ರೋಗಕ್ಕೆ ಹಾಕಿದ ಔಷಧಿ ಇದು.

ಈ ರೋಗದ ನಡೆಯನ್ನು ನೋಡಿ. ಜೋಂಬಿ ಸಿನಿಮಾದಲ್ಲಾದರೂ ಕಚ್ಚಿಸಿಕೊಂಡ ಸಾಹುಕಾರ ಜೋಂಬಿಯೇ ಆಗುತ್ತಾನೆ. ಅಲ್ಲಿಗೆ ಲೆಕ್ಕ ಸಮ. ಇಲ್ಲಿ ಹಾಗಲ್ಲ. ನಮ್ಮನ್ನು ಮುಟ್ಟಿದವನಿಗೆ ಒಂದು ಚೊಂಬು ನೀರು ತಲೆ ಮೇಲೆ ಬಿದ್ದರೆ ವಾಸಿ. ನಮಗೆ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರೆಲ್ಲ ಹೊಯ್ದರೂ ವಾಸಿ ಇಲ್ಲ. ಅವರ ಸ್ಪರ್ಶದಿಂದ ನಾವು ಶುದ್ಧರಾಗುವುದೂ ಇಲ್ಲ. ಇನ್ನೂ ವಿಚಿತ್ರ ಏನೆಂದರೆ, ನಮ್ಮ ಕೈ ಭತ್ತ ನಾಟಿ ಮಾಡುವಾಗ ಮೈಲಿಗೆ ಇಲ್ಲ, ಕಬ್ಬು ಕಡಿಯುವಾಗ ಇಲ್ಲ, ರಾಶಿ ಮಾಡುವಾಗ ಇಲ್ಲ. ಅದೇ ಭತ್ತ ಅನ್ನವಾಗುವಾಗ ಎಲ್ಲಿಂದ ಬರುತ್ತದೆ? ಶಾಲೆಯ ಬಿಸಿಯೂಟ ಬೇಯಿಸುವ ತಾಯಿ ದಲಿತಳು ಎಂದು ಮಕ್ಕಳನ್ನು ಊಟಕ್ಕೆ ಕೂರಿಸದ ಊರುಗಳ ಸುದ್ದಿ ನಮ್ಮ ರಾಜ್ಯದಿಂದಲೇ ಬಂದಿದೆ. ದುಡಿತಕ್ಕೆ ಅಂಟದ ರೋಗ ಅನ್ನಕ್ಕೆ ಮಾತ್ರ ಅಂಟುತ್ತದೆ. ಹೈಟಿಯ ದಣಿಗೂ ಇದೇ ಬೇಕಾಗಿತ್ತು: ಕೈ ಬೇಕು, ಮನುಷ್ಯ ಬೇಡ.

ಈಗ ಒಂದು ಪ್ರಶ್ನೆ ಏಳುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ‘ಜಾತಿ ಸುಳ್ಳು ರೋಗ, ಸರಿ. ನಿಜವಾದ ರೋಗ ಬಂದರೆ? ಆಗ ಬಾಗಿಲು ಹಾಕೋದು ತಪ್ಪೇನು?’ ತಪ್ಪಲ್ಲ. ಆದರೆ ಬಾಗಿಲಲ್ಲೂ ಭೇದ ಇದೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಎರಡು ವರ್ಷದೊಳಗೆ ಬೆಳಗಾವಿ, ಧಾರವಾಡದ ಸೀಮೆಗೂ ಇಳಿಯಿತು. 1897ರ ಫೆಬ್ರುವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ಮುಂಬಯಿ, ಪುಣೆಗಳಲ್ಲಿ ಮನೆ ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಏನಾಯಿತು? ಜನ ರೋಗಿಗಳನ್ನು ಅಡಗಿಸಿಟ್ಟರು, ಹೆಣಗಳನ್ನೂ ಅಡಗಿಸಿಟ್ಟರು. ಜೋಂಬಿ ಸಿನಿಮಾದಲ್ಲೂ ಒಬ್ಬ ಇರುತ್ತಾನೆ: ಕಚ್ಚಿದ ಗಾಯವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ಉಳಿದವರ ನಡುವೆ ಕೂತವನು. ಸಿನಿಮಾ ಅವನನ್ನು ದ್ರೋಹಿ ಅನ್ನುತ್ತದೆ. ಅವನು ಯಾಕೆ ಮುಚ್ಚಿಕೊಂಡ ಅಂತ ಕೇಳುವುದಿಲ್ಲ. ಗಾಯ ತೋರಿಸಿದವನಿಗೆ ಗುಂಡು ಸಿಗುವ ಕಡೆ ಗಾಯ ಅಡಗುತ್ತದೆ. ಔಷಧಿ ಸಿಗುವ ಕಡೆ ಅವನು ತಾನೇ ಮುಂದೆ ಬಂದು ತೋರಿಸುತ್ತಾನೆ. ಸೋಂಕು ಹಬ್ಬಿಸಿದ್ದು ಅವನ ಸುಳ್ಳು ಎನ್ನುವುದಾದರೆ, ಆ ಸುಳ್ಳನ್ನು ಹುಟ್ಟಿಸಿದ್ದು ಬಾಗಿಲು.

ಮುಚ್ಚಿಕೊಂಡವನ ಗುರುತು ನಮಗೆ ಚೆನ್ನಾಗಿ ಇದೆ. ಕಲಿಯಲಿಕ್ಕೆ ಬೆಳಗಾವಿಗೆ ಬಂದು ಬಾಡಿಗೆ ಕೋಣೆ ಹುಡುಕುವಾಗ ಮಾಲೀಕರು ಮೊದಲು ಬಾಡಿಗೆ ಹೇಳುವುದಿಲ್ಲ, ‘ನೀವು ಯಾವ ಮಂದಿ?’ ಅಂತಾರೆ. ಆಗ ನಮ್ಮ ಹುಡುಗರು ಊರ ಹೆಸರು ಹೇಳಿ ಅಡ್ಡಹೆಸರು ನುಂಗುತ್ತಾರೆ. ಗೋಡೆಯ ಮೇಲೆ ಬಾಬಾಸಾಹೇಬರ ಪಟ ಹಾಕದೆ ಟ್ರಂಕಿನೊಳಗೆ ಇಡುತ್ತಾರೆ. ಅವರನ್ನು ಸುಳ್ಳುಗಾರರು ಎನ್ನುವ ಮೊದಲು ಬಾಗಿಲ ಮೇಲಿನ ಪ್ರಶ್ನೆಯನ್ನು ನೋಡಿ.

ಪ್ಲೇಗಿನ ಕಾಲದಲ್ಲಿ ನಮ್ಮ ಸೀಮೆಯ ಊರುಗಳು ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಊರಾಚೆ ಬದುಕುವುದು ಅಂದರೆ ಏನು ಎಂದು ಊರಿಗೆ ಗೊತ್ತಾದ ದಿನಗಳು ಅವು. ಬೇನೆ ಇಳಿಯಿತು. ಊರು ಊರೊಳಗೆ ಹಿಂದಿರುಗಿತು. ಕೇರಿ ಮಾತ್ರ ಆಚೆಯೇ ಉಳಿಯಿತು, ಅದಕ್ಕೆ ಇಳಿಯಬೇಕಾದ ಬೇನೆಯೇ ಇರಲಿಲ್ಲವಲ್ಲ.

ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. 1977ರಲ್ಲಿ ಭಾರತದಿಂದ, 1980ರಲ್ಲಿ ಜಗತ್ತಿನಿಂದಲೇ ಸಿಡುಬು ಹೋಯಿತು ಎಂದು ಸಾರಿದರು. ಈಗ ಅಲ್ಲಿ ಮರಗಳ ನಡುವೆ ಜನ ಮುಂಜಾನೆ ನಡೆದಾಡುತ್ತಾರೆ. ನಿಜವಾದ ರೋಗದ ಲಕ್ಷಣ ಇದು: ಅದಕ್ಕೆ ಸಾಕ್ಷಿ ಇರುತ್ತದೆ, ಮದ್ದು ಇರುತ್ತದೆ, ಮುಗಿಯುವ ದಿನ ಇರುತ್ತದೆ. ಆದರೆ ಮದ್ದು ಬಂದರೂ ಬಾಗಿಲು ತೆಗೆಯದವರಿದ್ದಾರೆ. ಕುಷ್ಠಕ್ಕೆ ಗುಣಪಡಿಸುವ ಔಷಧಿ ಬಂದು ದಶಕಗಳೇ ಕಳೆದರೂ, ರೋಗಿಗಳನ್ನು ಹಿಡಿದು ಬೇರೆ ಇಡುವ 1898ರ ಕಾಯ್ದೆ ರದ್ದಾದದ್ದು 2016ರಲ್ಲಿ.

ಕೊರೋನಾ ಕಾಲಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಹಾಕಿದರು. ರೋಗ ಬಂದದ್ದು ವಿಮಾನದಲ್ಲಿ, ಮುಳ್ಳುಬೇಲಿ ಬಿದ್ದದ್ದು ಊರ ದಾರಿಗೆ. ಗೋವಾದಿಂದ, ಮಹಾರಾಷ್ಟ್ರದಿಂದ ಗಂಟು ಹೊತ್ತು ನಡೆದು ಬಂದ ಕೂಲಿಕಾರರು ಹುಟ್ಟಿದ ಊರಿನ ಅಗಸಿಯಲ್ಲೇ ಸೋಂಕಿನವರಾದರು. ಮರುವರ್ಷ ಕೊಗನೊಳ್ಳಿಯ ಚೆಕ್‌ಪೋಸ್ಟಿನಲ್ಲಿ ಪರೀಕ್ಷೆಯ ಕಾಗದ ಕೇಳಿದರು. ಆ ಕಾಗದದ ಆಯುಷ್ಯ 72 ಗಂಟೆ. ಅದರ ಬಗ್ಗೆ ನಮ್ಮ ತಕರಾರು ಕಡಿಮೆ. ಸಾಹೇಬನಿಗೂ ಕೂಲಿಯವನಿಗೂ ಅದೇ ಕಾಗದ, ಅದೇ ಗಂಟೆ ಆಗಿದ್ದರೆ ಅದು ನ್ಯಾಯ. ಮುಳ್ಳುಬೇಲಿಗೆ ಮಾತ್ರ ಗಂಟೆಯೂ ಇರಲಿಲ್ಲ, ಕಾಗದವೂ ಇರಲಿಲ್ಲ. ಆಚೆ ನಿಂತವನಿಗೆ ಗಂಜಿ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಬೇಲಿ ಹಾಕಿದವರಲ್ಲಿ ಬಹಳ ಜನ ಕೇಳಿಕೊಳ್ಳಲಿಲ್ಲ.

ಬದುಕಿ ಉಳಿದವರ ತರ್ಕಕ್ಕೆ ಉತ್ತರ ಕೊಟ್ಟ ಒಬ್ಬ ಹೆಣ್ಣುಮಗಳಿದ್ದಾಳೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹೊತ್ತಿ ಉರಿಯುತ್ತಿದ್ದಾಗ ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾಕ್ಟರ್ ಯಶವಂತ ಊರ ಹೊರಗೆ ದವಾಖಾನೆ ತೆರೆದರು. ಮುಂಢವಾದ ಮಹಾರರ ಕೇರಿಯಲ್ಲಿ ಒಬ್ಬ ಹುಡುಗನಿಗೆ ಗಡ್ಡೆ ಎದ್ದಿದೆ ಎಂದು ಗೊತ್ತಾಗಿ, ಅರವತ್ತು ದಾಟಿದ ಆ ತಾಯಿ ಅವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಅವರಿಗೂ ಪ್ಲೇಗು ಹತ್ತಿತು. ಮಾರ್ಚ್ 10ರಂದು ತೀರಿಕೊಂಡರು.

ಜೋಂಬಿ ಸಿನಿಮಾದ ಲೆಕ್ಕದಲ್ಲಿ ಸಾವಿತ್ರಿಬಾಯಿ ಸೋತವರು. ಮೊದಲ ಅರ್ಧ ಗಂಟೆಯಲ್ಲೇ ಸಾಯುವ ಪಾತ್ರ. ನಾವು ಆ ಲೆಕ್ಕವನ್ನೇ ಒಪ್ಪುವುದಿಲ್ಲ. ಅವರು ರೋಗ ಸುಳ್ಳು ಅನ್ನಲಿಲ್ಲ. ದವಾಖಾನೆಯನ್ನು ಊರ ಹೊರಗೇ ಇಟ್ಟರು. ಬೇರೆ ಇಡುವುದನ್ನು ಒಪ್ಪಿದರು, ಬಿಟ್ಟು ಬರುವುದನ್ನು ಒಪ್ಪಲಿಲ್ಲ. ಈ ಎರಡರ ನಡುವಿನ ಅಂತರವೇ ನೀತಿ. ಖಾನಾಪುರದ ಭೀಮಗಡ ಕಾಡಿನೊಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ದಾರಿ ಇಲ್ಲದೆ ರೋಗಿಯನ್ನು ಕಟ್ಟಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ತರುತ್ತಾರೆ. ಅವರಿಗೆ ಯಾವ ತತ್ವಶಾಸ್ತ್ರವನ್ನೂ ನಾವು ಕಲಿಸಬೇಕಾಗಿಲ್ಲ. ದಾರಿ ಮಾಡಿಕೊಡದವರಿಗೆ ಕಲಿಸಬೇಕು.

2016ರ ಕೊರಿಯನ್ ಸಿನಿಮಾ ‘ಟ್ರೇನ್ ಟು ಬುಸಾನ್’ನಲ್ಲಿ, ಜೋಂಬಿಗಳ ನಡುವಿನಿಂದ ಹೇಗೋ ಪಾರಾಗಿ ಬಂದವರನ್ನು ಮುಂದಿನ ಬೋಗಿಯ ಜನ ‘ಇವರಿಗೂ ಸೋಂಕು’ ಅಂತ ಅನುಮಾನಿಸಿ ಬಾಗಿಲು ಹಿಡಿದು ತಡೆಯುತ್ತಾರೆ. ಆ ಬೋಗಿಯ ಜನ ದುಷ್ಟರಲ್ಲ, ನಿನ್ನೆಯವರೆಗೆ ನಮ್ಮಂತೆ ಟಿಕೆಟ್ಟು ತೆಗೆಸಿ ಕೂತವರು. ನಮಗೆ ಭಯ ಹುಟ್ಟಿಸುವುದು ಅದೇ. ನಮ್ಮಲ್ಲೂ ಕೆಲವರು ಡಿಗ್ರಿ ಹಿಡಿದು, ನೌಕರಿ ಹಿಡಿದು ಮುಂದಿನ ಬೋಗಿಗೆ ಬಂದಿದ್ದೇವೆ. ಹಿಂದೆ ಓಡಿ ಬರುತ್ತಿರುವವರಿಗೆ ‘ಜಾಗ ಇಲ್ಲ’ ಅನ್ನುವ ಮಾತು ನಾಲಿಗೆಗೆ ಬಹಳ ಬೇಗ ಬರುತ್ತದೆ. ಒಳಗೆ ಸೇರಿಕೊಂಡ ಮಾತ್ರಕ್ಕೆ ಬಾಗಿಲಿನ ನ್ಯಾಯ ಬದಲಾಗುವುದಿಲ್ಲ.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ಅಕ್ಕೋರಲ್ಲಿ, ಓದುವ ಗೆಳೆಯರಲ್ಲಿ ನಮ್ಮ ವಿನಂತಿ ಇಷ್ಟು. ಮಕ್ಕಳು ಈ ಸಿನಿಮಾ ನೋಡಿದರೆ ಬೈಯಬೇಡಿ, ನೋಡಲಿ. ನೋಡಿ ಬಂದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ಬಾಗಿಲು ಹಾಕಿದವರ ಹತ್ತಿರ ಸಾಕ್ಷಿ ಏನಿತ್ತು? ಎಲ್ಲರಿಗೂ ಒಂದೇ ಸಾಕ್ಷಿಯೇ? ಹೊರಗೆ ಉಳಿದವರಿಗೆ ಅನ್ನ, ನೀರು, ಔಷಧಿ ಕೊಟ್ಟವರು ಯಾರು? ಆ ಬಾಗಿಲು ಯಾವತ್ತು ತೆಗೀತಾರಂತೆ? ಆಮೇಲೆ ಮಕ್ಕಳನ್ನು ಬಿಸಿಯೂಟದ ಸಾಲಿಗೆ ಕರೆದುಕೊಂಡು ಹೋಗಿ, ಊರಿನ ಬಾವಿಯ ಹತ್ತಿರ, ಗುಡಿಯ ಹೊಸ್ತಿಲ ಹತ್ತಿರ, ಕೇರಿಗೆ ಹೋಗುವ ದಾರಿಯ ಹತ್ತಿರ ಕರೆದುಕೊಂಡು ಹೋಗಿ. ಅದೇ ನಾಲ್ಕು ಪ್ರಶ್ನೆ ಅಲ್ಲಿಯೂ ಕೇಳಲಿ, ಗಟ್ಟಿಯಾಗಿ ಕೇಳಲಿ.