ಬುಟ್ಟಿಯೊಳಗಿನ ಗಾಡಿ



ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಮನೆಯಲ್ಲೇ ದುರಸ್ತಿಮಾಡಿ ಮತ್ತೆ ಓಡಿಸುವ ಹವ್ಯಾಸದವರು ಬಹಳ ಮಂದಿ. ಅವರಲ್ಲಿ 'ಬಾಸ್ಕೆಟ್ ಕೇಸ್' ಎಂಬ ಮಾತು ಬಳಕೆಯಲ್ಲಿದೆ. ಯಾರೋ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಲಾಗದೆ, ಡಬ್ಬ ಬುಟ್ಟಿಗಳಲ್ಲಿ ತುಂಬಿಟ್ಟ ಕಾರಿಗೆ ಆ ಹೆಸರು. ಅದನ್ನು ಕೇಳಿದಾಗ ನನಗೆ ನೆನಪಾದದ್ದು ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯ. ಐದು ರೊಟ್ಟಿ, ಎರಡು ಮೀನುಗಳಿಂದ ಅಷ್ಟು ಜನರ ಹಸಿವು ತಣಿಸಿದ ಯೇಸುಸ್ವಾಮಿ, ಉಳಿದ ಚೂರುಗಳು ಹಾಳಾಗದಂತೆ ಕೂಡಿಸಿಡಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಇಲ್ಲದ ಕಡೆ ರೊಟ್ಟಿ ಕೊಡಬಲ್ಲ ಪ್ರಭುವಿಗೆ ಚೂರುಗಳ ಚಿಂತೆ ಏಕೆ?

ಮಿಶಿಗನ್ ರಾಜ್ಯದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಗ್ಯಾರೇಜಿನಲ್ಲಿ 1964ರ ಪಾಂಟಿಯಾಕ್ ಜಿ.ಟಿ.ಒ. ಮಲಗಿದೆ. ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನ ಮೈಗೆ ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಎಂಜಿನ್ ಕೂರಿಸಿ, 325 ಅಶ್ವಶಕ್ತಿ ತುಂಬಿದ್ದರು. 'ಮಸಲ್ ಕಾರ್' ಎಂಬ ಪಂಗಡಕ್ಕೆ ದಾರಿ ತೋರಿಸಿದ್ದು ಇದೇ ಎಂದು ಅನೇಕರು ಎಣಿಸುತ್ತಾರೆ. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು ಮಾತ್ರ. ಓಡಲು ಅಷ್ಟು ಬಲ, ನಿಲ್ಲಲು ಇಷ್ಟೇ. ಯೌವನವನ್ನು ಬಣ್ಣಿಸಲು ಇನ್ನೇನು ಬೇಕು! ವಿಮೆಯ ದರ ಏರಿತು, ಹೊಗೆಯ ಮೇಲೆ ಕಾನೂನು ಬಂತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಅಂಥ ಗಾಡಿಗಳ ಕಾಲ ಮುಗಿಯಿತು. ಪಾಂಟಿಯಾಕ್ ಎಂಬ ಹೆಸರೂ 2010ರಲ್ಲಿ ನಿಂತುಹೋಯಿತು.

ಈ ಮನೆಯ ತಂದೆ 1983ರಲ್ಲಿ ಕಾರನ್ನು ಬಿಚ್ಚಿದರು. ಹನ್ನೆರಡು ವರ್ಷದ ಕಿರಿಯ ಮಗ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದ. ಬಿಚ್ಚಲು ಎರಡು ವಾರ ಸಾಕಾಯಿತು. ಜೋಡಿಸುವ ದಿನ ಬರಲೇ ಇಲ್ಲ. ತಂದೆ ತೀರಿಕೊಂಡರು, ಮನೆ ಹಿರಿಯ ಮಗನ ಪಾಲಿಗೆ ಬಂತು, ಆ ಪಾಲಿನ ವಿಷಯದಲ್ಲೇ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು.

ಈಗ ಅಣ್ಣ ಡಬ್ಬಗಳ ಮುಂದೆ ಕುಳಿತಿದ್ದಾನೆ. ಅವನ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ. ನೆಲಕ್ಕೆ ಹಳೆಯ ಬಟ್ಟೆ ಹಾಸಿ, ಬೋಲ್ಟು, ನಟ್ಟು, ವಾಷರು, ಸ್ಪ್ರಿಂಗು ಒಂದೊಂದನ್ನೂ ಕೈಗೆತ್ತಿಕೊಂಡು, ಇದೇನು, ಎಲ್ಲಿಯದು ಎಂದು ಬರೆದು, ಸಣ್ಣ ಚೀಲಗಳಿಗೆ ಹಾಕಿ ಚೀಟಿ ಅಂಟಿಸಬೇಕು. ನೋಡಲು ಒಂದೇ ಬಗೆಯ ಎರಡು ಬೋಲ್ಟುಗಳಲ್ಲಿ ಒಂದರ ಥ್ರೆಡ್ ಒರಟು, ಇನ್ನೊಂದರದು ನಯ. ಗೊತ್ತಿಲ್ಲದೆ ಬಲವಂತವಾಗಿ ತಿರುಗಿಸಿದರೆ ಬೋಲ್ಟೂ ಕೆಟ್ಟಿತು, ತೂತೂ ಕೆಟ್ಟಿತು. ತಿಂಗಳುಗಟ್ಟಲೆ ಇದೇ ಕೆಲಸ. ಬಂದುಹೋಗುವವರು ಕೇಳುವುದು ಒಂದೇ ಮಾತು: "ಇನ್ನೂ ಬಣ್ಣ ಹಚ್ಚಲಿಲ್ಲವೇ?"

ಪಾಪನಿವೇದನೆಗೆ ಹೋಗುವ ಮುನ್ನ ನಾವು ಆತ್ಮಶೋಧನೆಗೆ ಎಷ್ಟು ಹೊತ್ತು ಕೊಡುತ್ತೇವೆ? "ಕೋಪಿಸಿಕೊಂಡೆ, ಸುಳ್ಳು ಹೇಳಿದೆ" ಎನ್ನುತ್ತೇವೆ. ಎಲ್ಲ ಬೋಲ್ಟುಗಳೂ ಒಂದೇ ಡಬ್ಬದಲ್ಲಿ! ಯಾರ ಮೇಲೆ ಕೋಪ, ಯಾವ ಮಾತಿಗೆ, ಆ ಮಾತು ಇಂದಿಗೂ ಯಾರ ಎದೆಯಲ್ಲಿ ಚುಚ್ಚಿಕೊಂಡಿದೆ ಎಂದು ವಿಂಗಡಿಸುವ ತಾಳ್ಮೆ ನಮಗಿಲ್ಲ. ಬಣ್ಣ ಹಚ್ಚುವ ಅವಸರ.

ಬಣ್ಣದ ಅವಸರ ಎಂಥದೆಂದು ಈ ಕಾರುಗಳನ್ನು ನೋಡಿದರೆ ತಿಳಿಯುತ್ತದೆ. ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದರೆ ಕನ್ನಡಿಯಂತೆ ಹೊಳೆಯುತ್ತದೆ. ಒಳಗೆ ತೇವ ಸೇರಿ ತುಕ್ಕು ಬೆಳೆಯುತ್ತಲೇ ಇರುತ್ತದೆ, ಒಂದು ದಿನ ಬಣ್ಣ ಗುಳ್ಳೆಯೇಳುತ್ತದೆ. ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ದಾರಿ. ಆದರೆ ಕತ್ತರಿಸುವುದಕ್ಕೂ ಒಂದು ಕ್ರಮವಿದೆ. ಕೊಳೆತ ನೆಲದ ತಗಡನ್ನು ತೆಗೆಯುವ ಮೊದಲು, ತಿಳಿದವರು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಕಂಬಿಗಳನ್ನು ಬೆಸೆಯುತ್ತಾರೆ. ಇಲ್ಲವಾದರೆ ಗಾಡಿಯ ಮೈ ಸೊಟ್ಟಗಾಗಿ, ಮುಂದೆ ಬಾಗಿಲು ಕೂರುವುದೇ ಇಲ್ಲ. ಗಂಡಹೆಂಡಿರೇ, ಹಳೆಯದನ್ನು ಕೆದಕಿ ಮಾತನಾಡಲೇಬೇಕಾದ ಸಂದರ್ಭ ನಿಮಗೂ ಬರುತ್ತದೆ, ಬರಬೇಕು ಕೂಡ. ಮೊದಲು ಮಕ್ಕಳಿಗೆ ಆಸರೆ ಕೊಡಿ. ಅವರ ಕಿವಿಗೆ ಬೀಳುವಂತೆ ಕತ್ತರಿಸಲು ತೊಡಗಬೇಡಿ.

ವರ್ಷಗಟ್ಟಲೆ ನಿಂತ ಎಂಜಿನ್ ಬಿಗಿದುಕೊಂಡಿರುತ್ತದೆ. ಸ್ಪಾರ್ಕ್ ಪ್ಲಗ್ ತೂತುಗಳಿಂದ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಬಲ ಹಾಕಿದರೆ ಒಳಗಿನ ರಿಂಗುಗಳು ಮುರಿಯುತ್ತವೆ.

ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಭಾನುವಾರದ ಬಲಿಪೂಜೆಯನ್ನೂ ಮನೆಮಂದಿಯ ಊಟವನ್ನೂ ಬಿಟ್ಟು ಗ್ಯಾರೇಜಿನಲ್ಲೇ ಕಾಲ ಕಳೆಯುವವರಿದ್ದಾರೆ. ಗಾಡಿ ಎದ್ದು ನಿಲ್ಲುವಷ್ಟರಲ್ಲಿ ಸಂಸಾರ ಡಬ್ಬಗಳಿಗೆ ಸೇರಿದರೆ ಏನು ಬಂತು? ನಮ್ಮ ಕಡೆ ಗ್ಯಾರೇಜಿನ ಬದಲು ಅಂಗಡಿ, ಸಂಘ, ದೂರದರ್ಶನ ಇರಬಹುದು. ಹೆಂಡತಿಯ ದೂರು ಮಾತ್ರ ಅದೇ.

ಆ ಹವ್ಯಾಸಿಗಳಲ್ಲಿ ಇನ್ನೊಂದು ಕಟ್ಟಳೆ ಇದೆ. ಕಾರು ಓಡುವ ತನಕ ಒಂದು ಚೂರನ್ನೂ ಎಸೆಯಬಾರದು. ತುಕ್ಕು ಹಿಡಿದು ತೂತಾದ ತಗಡೂ ಹೊಸದಕ್ಕೆ ಅಳತೆಯಾಗುತ್ತದೆ. ಹಳೆಯ ಎಂಜಿನಿನ ಮೇಲೆ ಅದನ್ನು ಎರಕ ಹೊಯ್ದ ದಿನದ ಗುರುತಿರುತ್ತದೆ. ಬೇರೆ ಎಂಜಿನ್ ತಂದು ಕೂರಿಸಿದರೆ ಗಾಡಿ ಓಡೀತು, ಆದರೆ ಆ ಗಾಡಿಯಾಗದು. ನಿಮ್ಮ ಮನೆಯಲ್ಲಿ ಬಿಚ್ಚಿಟ್ಟದ್ದು ಯಾವುದು? ತೋಟದ ಪಾಲೇ? ಮದುವೆಯ ಪಂಕ್ತಿಯಲ್ಲಿ ಆದ ಅವಮಾನವೇ? ತವರಿಗೆ ಕಾಲಿಡದ ತಂಗಿಯೇ? ಆ ಸಂಬಂಧ ಮುಗಿಯಿತೆಂದು ಎಸೆದುಬಿಟ್ಟಿರಾ? ಸಂತ ಮತ್ತಾಯರ ಐದನೆಯ ಅಧ್ಯಾಯದಲ್ಲಿ ಪ್ರಭು, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಹೇಳುತ್ತಾರೆ. ತಪ್ಪು ಯಾರದೆಂದು ಅಲ್ಲಿ ವಿಚಾರಣೆ ನಡೆಯುವುದಿಲ್ಲ.

ಆ ಅಣ್ಣನ ವಿಷಯಕ್ಕೆ ಬರೋಣ. ಚೀಟಿ ಅಂಟಿಸುತ್ತಾ ಅಂಟಿಸುತ್ತಾ ಕೊನೆಗೆ ಒಂದು ಕಬ್ಬಿಣದ ಪಟ್ಟಿ ಉಳಿಯಿತು, ಗೇಣುದ್ದದ್ದು. ದುರಸ್ತಿಯ ಪುಸ್ತಕದ ಯಾವ ಚಿತ್ರಕ್ಕೂ ಅದು ಹೊಂದಲಿಲ್ಲ. ಮೂರು ರಾತ್ರಿ ತಿರುಗಿಸಿ ತಿರುಗಿಸಿ ನೋಡಿದ. ಗೊತ್ತಿದ್ದವರು ಇಬ್ಬರೇ. ಒಬ್ಬರು ಸಮಾಧಿಯಲ್ಲಿದ್ದಾರೆ. ಇನ್ನೊಬ್ಬನ ಕೈಯಲ್ಲಿ ಅಂದು ಟಾರ್ಚು ಇತ್ತು. ನಾಲ್ಕನೆಯ ರಾತ್ರಿ ಅವನು ಫೋನು ಎತ್ತಿಕೊಂಡ. ಕ್ಷೇಮಸಮಾಚಾರ ಕೇಳಲು ಬಾಯಿ ಬರಲಿಲ್ಲ. ಪಟ್ಟಿಯ ಉದ್ದ ಹೇಳಿದ, ತೂತು ಎಷ್ಟೆಂದು ಹೇಳಿದ. ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ತುದಿ ಬಾಗಿದೆಯಾ?" ತಮ್ಮ ಕೇಳಿದ. "ಅದು ಬ್ಯಾಟರಿ ಹಿಡಿಯುವ ಪಟ್ಟಿ. ಅಂದು ತುಳಿದು ಬಾಗಿಸಿದ್ದು ನಾನೇ. ಅಪ್ಪನಿಗೂ ಹೇಳಿರಲಿಲ್ಲ."